ರೂನ್‌ಸ್ಕೇಪಿನಲ್ಲಿ ಅಡುಗೆ: ಹಿಡಿದ ಮೀನು, ಕೊಂಡ ಮೀನು, ಇಲ್ಲಾ ವೈನು?

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನೋ ಆನ್‌ಲೈನ್ ಗೇಮ್ ಆಡೋರನ್ನ, ಅದರಲ್ಲಿರೋ ಅಡುಗೆ ಸ್ಕಿಲ್ ಏರಿಸೋದು ಹೇಗೆ ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ಒಂದೇ ಉತ್ತರ ಕೊಡ್ತಾರೆ: 'ಲೆವೆಲ್ 35 ಆಗೋವರೆಗೆ ಏನಾದ್ರೂ ಮಾಡು, ಆಮೇಲೆ ಸುಮ್ನೆ ವೈನ್ ಮಾಡ್ತಾ ಕೂತ್ಕೋ.' ಕಂಪ್ಯೂಟರ್ ಮುಂದೆ ಕೂತು ಆಡೋರಿಗೆ ಈ ಮಾತು ಸರಿ. ನಾನು ಆಡೋದು ಫೋನಿನಲ್ಲಿ, ಅದೂ ಹಾಸನದ ನಮ್ಮ ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಕೂತು. ಗಂಟೆಗೆ ಎಷ್ಟು ಎಕ್ಸ್‌ಪಿ (ಲೆವೆಲ್ ಏರಿಸೋ ಅನುಭವದ ಅಂಕ) ಬರುತ್ತೆ ಅನ್ನೋ ಪಟ್ಟಿ ನನಗೆ ಅಷ್ಟಾಗಿ ಉಪಯೋಗಕ್ಕೆ ಬರಲ್ಲ. ಒಂದು ಸಲ ಸ್ಕ್ರೀನ್ ಮುಟ್ಟಿದ ಮೇಲೆ ಎಷ್ಟು ಹೊತ್ತು ಫೋನ್ ಕೆಳಗಿಡಬಹುದು, ನನಗೆ ಬೇಕಾದ ಲೆಕ್ಕ ಅದು. ಎಲ್ಲ ದಾರಿಯನ್ನೂ ಆಡಿ ನೋಡಿದ್ದೀನಿ. ಸಕಲೇಶಪುರದಲ್ಲಿರೋ ನಮ್ಮ ದೊಡ್ಡಪ್ಪನ ಮಗ ಮಾತ್ರ ನನ್ನ ತೀರ್ಮಾನವನ್ನ ಇವತ್ತಿಗೂ ಒಪ್ಪಲ್ಲ.

ಶುರು ಮಾಡೋದರಲ್ಲಿ ಜಗಳವೇ ಇಲ್ಲ. ಲಂಬ್ರಿಜ್ ಕೋಟೆಯ ಅಡುಗೆಮನೆಯಲ್ಲಿ ಒಬ್ಬ ಭಟ್ಟ ಕಂಗಾಲಾಗಿ ನಿಂತಿರ್ತಾನೆ. ಅವನಿಗೆ ಒಂದು ಮೊಟ್ಟೆ, ಒಂದು ಬಕೆಟ್ ಹಾಲು, ಒಂದು ಮಡಕೆ ಹಿಟ್ಟು ತಂದುಕೊಟ್ಟರೆ 300 ಎಕ್ಸ್‌ಪಿ ಸಿಗುತ್ತೆ. ಹೊಸ ಖಾತೆ ನೇರ ಲೆವೆಲ್ 4ಕ್ಕೆ ಹೋಗುತ್ತೆ. ಅವನ ಒಲೆ ಬಳಸೋಕೂ ಅನುಮತಿ ಸಿಗುತ್ತೆ. ಆ ಒಲೆಯಲ್ಲಿ ಸಣ್ಣಪುಟ್ಟ ಅಡುಗೆ ಸೀಯೋದು ಕಮ್ಮಿ. ತೊಂದರೆ ಒಂದೇ. ಒಲೆ ನೆಲಮಹಡಿಯಲ್ಲಿ, ಸಾಮಾನು ಇಡೋ ಬ್ಯಾಂಕ್ ಕೋಟೆಯ ಮೇಲಿನ ತುದಿಯಲ್ಲಿ. ಪ್ರತಿ ಸಲ ಎರಡೆರಡು ಮೆಟ್ಟಿಲ ಸಾಲು ಹತ್ತಿ ಇಳಿಯಬೇಕು. ಸಿಗಡಿ ಬೇಯಿಸೋವರೆಗೆ ಅಲ್ಲಿರಿ, ಆಮೇಲೆ ಜಾಗ ಖಾಲಿ ಮಾಡಿ.

ಮೊದಲ ದಾರಿ, ನಾವೇ ಹಿಡಿದು ನಾವೇ ಬೇಯಿಸೋದು. ಬಾರ್ಬೇರಿಯನ್ ಹಳ್ಳಿಯ ಪಕ್ಕ ಹೊಳೆ ಇದೆ. ಗಾಳ ಮತ್ತು ಗರಿ ಇದ್ದರೆ ಅಲ್ಲಿ ಟ್ರೌಟ್, ಸಾಲ್ಮನ್ ಸಿಗುತ್ತೆ. ಹಿಡಿಯೋಕೆ ಮೀನುಗಾರಿಕೆಯಲ್ಲಿ ಲೆವೆಲ್ 20 ಮತ್ತು 30 ಬೇಕು. ಬೇಯಿಸೋಕೆ 15 ಮತ್ತು 25 ಸಾಕು. ಒಂದು ಟ್ರೌಟಿಗೆ 70 ಎಕ್ಸ್‌ಪಿ, ಸಾಲ್ಮನ್‌ಗೆ 90. ಅಲ್ಲೇ ಮರ ಕಡಿದು ಬೆಂಕಿ ಹಾಕಿ ಬೇಯಿಸಬಹುದು. ಒಂದೇ ಓಡಾಟದಲ್ಲಿ ಎರಡು ಸ್ಕಿಲ್ ಏರುತ್ತೆ, ಮರ ಕಡಿಯೋ, ಬೆಂಕಿ ಹಚ್ಚೋ ಸ್ಕಿಲ್ ಸೇರಿಸಿದರೆ ನಾಲ್ಕು. ಕಾಸು ಖರ್ಚಿಲ್ಲ, ಗರಿಗೆ ಬಿಟ್ಟರೆ. ಅಡುಗೆ ಮಾತ್ರ ತುಂಬಾ ನಿಧಾನ. ಮೀನು ಕಚ್ಚೋದಕ್ಕೇ ಸಮಯವೆಲ್ಲ ಹೋಗುತ್ತೆ. ಅಂಗಡಿಯಲ್ಲಿ ಗಿರಾಕಿ ಜಾಸ್ತಿ ಇರೋ ಸಂಜೆಗೆ ಇದು ಒಳ್ಳೇದು. ಫೋನ್ ಪಕ್ಕಕ್ಕಿಟ್ಟು ಸಕ್ಕರೆ ತೂಗಿ ಬರೋಷ್ಟರಲ್ಲಿ ನಾಲ್ಕು ಮೀನು ಬುಟ್ಟಿಯಲ್ಲಿರುತ್ತೆ.

ಎರಡನೇ ದಾರಿ, ಗ್ರ್ಯಾಂಡ್ ಎಕ್ಸ್‌ಚೇಂಜ್ ಅನ್ನೋ ಆಟದೊಳಗಿನ ಸಂತೆಯಲ್ಲಿ ಹಸಿ ಮೀನು ಕೊಂಡು ಬ್ಯಾಂಕ್ ಪಕ್ಕದ ಒಲೆಯಲ್ಲಿ ಬೇಯಿಸೋದು. ನನ್ನ ಓಟು ಇದಕ್ಕೇ. ಹೊಸ ಫ್ರೀ ಖಾತೆಗೆ ಕೆಲವು ಸಾಮಾನು ಕೊಳ್ಳೋಕೆ ಶುರುವಿನಲ್ಲಿ ತಡೆ ಇರುತ್ತೆ, ಅದು ತೆರೆಯೋವರೆಗೆ ಹೊಳೆ ಮೀನೇ ಗತಿ. ಆಮೇಲೆ ಲೆವೆಲ್ 40ಕ್ಕೆ ಲಾಬ್‌ಸ್ಟರ್, 120 ಎಕ್ಸ್‌ಪಿ. 45ಕ್ಕೆ ಸ್ವೋರ್ಡ್‌ಫಿಶ್, 140. ಫ್ರೀ ಆಡೋರಿಗೆ ಅಲ್ ಖರೀದ್ ಒಳ್ಳೆಯ ಜಾಗ. ಗೇಟಿನಲ್ಲಿ 10 ನಾಣ್ಯ ಸುಂಕ ಕಟ್ಟಿ ಒಳಗೆ ಹೋದರೆ ಬ್ಯಾಂಕ್, ಅದರ ಹತ್ತಿರದ ಮನೆಯಲ್ಲೇ ಒಲೆ.

ಇಲ್ಲಿ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಮೀನು ಬೇಯೋಕೆ 2.4 ಸೆಕೆಂಡ್. ಚೀಲದಲ್ಲಿ 28 ಖಾನೆ. ಒಂದು ಸಲ 'ಎಲ್ಲಾ ಬೇಯಿಸು' ಅಂತ ಒತ್ತಿದರೆ 67 ಸೆಕೆಂಡ್ ನಿಮ್ಮ ಕೈ ಖಾಲಿ. ನಿಮ್ಮ ಆಳು ಒಲೆ ಮುಂದೆ ಬಗ್ಗಿ ನಿಂತಿರ್ತಾನೆ, ಚೀಲದ ಲಾಬ್‌ಸ್ಟರ್ ಒಂದೊಂದಾಗಿ ಕಿತ್ತಳೆ ಬಣ್ಣಕ್ಕೆ ತಿರುಗ್ತವೆ, ನಡುವೆ ಅಲ್ಲೊಂದು ಇಲ್ಲೊಂದು ಕರ್ರಗೆ ಸೀದು ಹೋಗುತ್ತೆ. ಅಷ್ಟರಲ್ಲಿ ಒಬ್ಬ ಗಿರಾಕಿಗೆ ಬೇಳೆ ಕಟ್ಟಿ ಚಿಲ್ಲರೆ ಕೊಟ್ಟು ಕಳಿಸಬಹುದು. ಎಲ್ಲವೂ ಸರಿಯಾಗಿ ಬೆಂದರೆ ಒಂದು ಚೀಲಕ್ಕೆ 3,360 ಎಕ್ಸ್‌ಪಿ.

ಸೀಯೋ ಬಾಬತ್ತು ಮಾತ್ರ ಮರೀಬೇಡಿ. ಕಾಸು ಕೊಟ್ಟು ತಂದ ಮೀನು ಸೀದರೆ ಎಕ್ಸ್‌ಪಿಯೂ ಇಲ್ಲ, ಮೀನೂ ಇಲ್ಲ. ಲಾಬ್‌ಸ್ಟರ್ ಪೂರ್ತಿ ಸೀಯದೆ ಬರೋದು ಲೆವೆಲ್ 74ಕ್ಕೆ. ಕಾಸು ಕಟ್ಟಿ ಆಡೋ ಮೆಂಬರ್ ಆಗಿದ್ದರೆ 'ಫ್ಯಾಮಿಲಿ ಕ್ರೆಸ್ಟ್' ಅನ್ನೋ ಕ್ವೆಸ್ಟ್ (ಆಟದೊಳಗಿನ ಸಾಹಸದ ಕೆಲಸ) ಮುಗಿಸಿ ಅಡುಗೆ ಕೈಗವಸು ತಗೊಳ್ಳಿ, ಆಗ 64ಕ್ಕೇ ನಿಲ್ಲುತ್ತೆ. ಹತ್ತು ಲೆವೆಲ್ ಉಳಿತಾಯ. ಆದರೆ ಆ ಕ್ವೆಸ್ಟಿಗೆ ಮ್ಯಾಜಿಕ್ 59 ಕೇಳುತ್ತೆ, ಗಣಿ, ಕಮ್ಮಾರಿಕೆ, ಕರಕುಶಲ ಮೂರರಲ್ಲೂ 40 ಬೇಕು. ಬರೀ ಅಡುಗೆಗೋಸ್ಕರ ಅಷ್ಟೆಲ್ಲ ಯಾರು ಮಾಡ್ತಾರೆ? ಮುಂದೆ ಶಾರ್ಕ್ ಬೇಯಿಸೋ ಆಸೆ ಇದ್ದರೆ ಮಾಡಿ. ಕೈಗವಸು ಇದ್ದರೂ ಶಾರ್ಕ್ ಸೀಯೋದು ನಿಲ್ಲೋದು 94ರಲ್ಲೇ.

ಈಗ ವೈನು. ಲೆವೆಲ್ 35, ಒಂದಕ್ಕೆ 200 ಎಕ್ಸ್‌ಪಿ. ಫ್ರೀ ಆಡೋರೂ ಮಾಡಬಹುದು. ಒಲೆ ಬೇಡ, ಬೆಂಕಿ ಬೇಡ, ಬ್ಯಾಂಕ್ ಮುಂದೆಯೇ ನಿಂತು ನೀರಿನ ಹೂಜಿಗೆ ದ್ರಾಕ್ಷಿ ಹಾಕಿದರೆ ಆಯ್ತು. 14 ಹೂಜಿ, 14 ದ್ರಾಕ್ಷಿ, ಚೀಲ ಭರ್ತಿ. ಕೊನೆಯದನ್ನ ಬೆರೆಸಿ ಸುಮಾರು 12 ಸೆಕೆಂಡ್ ಆದ ಮೇಲೆ ಹುಳಿ ಬಂದು ಎಕ್ಸ್‌ಪಿ ಒಟ್ಟಿಗೆ ಬೀಳುತ್ತೆ. ನಡುವೆ ಹೊಸದನ್ನ ಬೆರೆಸಿದರೆ ಆ ಗಡಿಯಾರ ಮತ್ತೆ ಮೊದಲಿಂದ. ಹಾಗಾಗಿ ಬಿಡದೆ ಮಾಡ್ತಾ ಇದ್ದರೆ ಎಕ್ಸ್‌ಪಿ ತುಂಬಾ ಹೊತ್ತು ಅಲ್ಲಾಡೋದೇ ಇಲ್ಲ. ಕೈ ಬಿಟ್ಟಾಗ ಒಂದೇ ಏಟಿಗೆ ಸಾವಿರಗಟ್ಟಲೆ ನೆಗೆಯುತ್ತೆ. ಅದನ್ನ ನೋಡೋ ಖುಷಿನೇ ಬೇರೆ, ಸುಳ್ಳು ಹೇಳಲ್ಲ.

ವೇಗದಲ್ಲಿ ಇದರ ಹತ್ತಿರ ಲಾಬ್‌ಸ್ಟರ್ ಸುಳಿಯಲ್ಲ. ಒಂದು ಚೀಲ ವೈನ್ ಬೆರೆಸೋಕೆ ಇಪ್ಪತ್ತು ಸೆಕೆಂಡೂ ಹಿಡಿಯಲ್ಲ, ಎಕ್ಸ್‌ಪಿ 2,800. ಆದರೆ ಇಪ್ಪತ್ತು ಸೆಕೆಂಡಿಗೊಮ್ಮೆ ಬ್ಯಾಂಕ್ ತೆಗಿ, ವೈನ್ ಹಾಕು, ಹೂಜಿ ತಗೋ, ದ್ರಾಕ್ಷಿ ತಗೋ, ಬ್ಯಾಂಕ್ ಮುಚ್ಚು, ಬೆರೆಸು. ನಮ್ಮ ಕಡೆ ಅಡುಗೆಮನೆ ಲೆಕ್ಕದಲ್ಲಿ ಹೇಳೋದಾದ್ರೆ, ಲಾಬ್‌ಸ್ಟರ್ ಅಂದ್ರೆ ಕಡುಬು ಹಬೆಗಿಟ್ಟ ಹಾಗೆ, ವೈನ್ ಅಂದ್ರೆ ಅಕ್ಕಿ ರೊಟ್ಟಿ ತಟ್ಟೋಕೆ ನಿಂತ ಹಾಗೆ, ಕಾವಲಿ ಬಿಟ್ಟು ಆಚೀಚೆ ಹೋಗೋ ಹಾಗಿಲ್ಲ. ಕಂಪ್ಯೂಟರಿನಲ್ಲಿ ಮೌಸ್ ಇದ್ದರೆ ಕಷ್ಟ ಇಲ್ಲ. ಫೋನಿನಲ್ಲಿ ಅರ್ಧ ಗಂಟೆಗೆ ಹೆಬ್ಬೆರಳು ಸೋಲುತ್ತೆ.

ಖರ್ಚೂ ಇದೆ. ಮಾಡಿದ ವೈನ್ ಮಾರಿದರೆ ಸಾಮಾನ್ಯವಾಗಿ ದ್ರಾಕ್ಷಿಗೆ ಹಾಕಿದ ಕಾಸು ವಾಪಸ್ ಬರಲ್ಲ. 68ರವರೆಗೆ ಕೆಲವು ಹೂಜಿ ಕೆಟ್ಟೂ ಹೋಗ್ತವೆ. 35ರಿಂದ 68ಕ್ಕೆ ಸರಿಯಾಗಿ ಬಂದ ವೈನೇ 2,900ಕ್ಕಿಂತ ಜಾಸ್ತಿ ಬೇಕು. 68ರಿಂದ ಕೊನೆಯ ಲೆವೆಲ್ 99ಕ್ಕೆ ಇನ್ನೂ ಸುಮಾರು 62 ಸಾವಿರ. ಯಾಕಂದ್ರೆ 99ಕ್ಕೆ ಒಟ್ಟು 13,034,431 ಎಕ್ಸ್‌ಪಿ ಬೇಕು, ಅದರ ಅರ್ಧ ಮುಗಿಯೋದೇ ಲೆವೆಲ್ 92ರಲ್ಲಿ. ಹೊಡೆದಾಟದಲ್ಲಿ ಕುಡಿಯೋಣ ಅಂದ್ರೆ ವೈನ್ 11 ಪ್ರಾಣ ಕೊಟ್ಟು ಅಟ್ಯಾಕ್ ಇಳಿಸುತ್ತೆ. ಲಾಬ್‌ಸ್ಟರ್ ತಿಂದರೆ 12, ಸ್ವೋರ್ಡ್‌ಫಿಶ್‌ಗೆ 14, ಯಾವ ತಕರಾರೂ ಇಲ್ಲ.

ಅಣ್ಣನಿಗೆ ಇದೆಲ್ಲ ಹೇಳಿದರೆ ನಗ್ತಾನೆ. ಮಳೆಗಾಲದಲ್ಲಿ ಅವನ ಕಡೆ ಕರೆಂಟ್ ಬಂದಾಗ ಬಂತು. 'ಕರೆಂಟ್ ಇರೋದೇ ಒಂದು ಗಂಟೆ ಕಣೋ, ಅಷ್ಟರಲ್ಲಿ ಎಷ್ಟು ಬಾಚ್ಕೋಬಹುದೋ ಅಷ್ಟು ಬಾಚ್ಕೋಬೇಕು. ನಿನ್ನ ಲಾಬ್‌ಸ್ಟರ್ ಬೇಯೋವರೆಗೆ ಕಾಯ್ತಾ ಕೂರೋಕಾಗುತ್ತಾ?' ಅವನ ಪಾಡಿಗೆ ಅದು ಸರಿ. ದಿನಕ್ಕೆ ಒಂದೇ ಸಲ, ಪೂರ್ತಿ ಗಮನ ಕೊಟ್ಟು ಆಡೋರಿಗೆ ವೈನೇ. ದಿನವಿಡೀ ಬಿಟ್ಟು ಬಿಟ್ಟು ಆಡೋರಿಗೆ ಮೀನೇ.

ಪಿಜ್ಜಾನೂ ಇದೆ. ಆಂಚೊವಿ ಪಿಜ್ಜಾ ಎರಡು ತುತ್ತಿಗೆ 18 ಪ್ರಾಣ ಕೊಡುತ್ತೆ, ತಿನ್ನೋಕೆ ಬಲು ಚೆನ್ನ. ಕಲಿಯೋಕೆ ಅಂತ ಮಾಡಬೇಡಿ. ಹಿಟ್ಟು, ಟೊಮ್ಯಾಟೊ, ಚೀಸ್ ಅಂತ ಒಂದೊಂದೇ ಸೇರಿಸ್ತಾ ತಾಳ್ಮೆ ಹೋಗುತ್ತೆ. ಮೆಂಬರ್‌ಗಳು ಕರಂಬ್ವಾನ್ ಅನ್ನೋ ಮೀನನ್ನ ವೈನಿಗಿಂತ ವೇಗವಾಗಿ ಬೇಯಿಸ್ತಾರೆ. ಅದಕ್ಕೆ ಒಂದು ಕೀ ಒತ್ತಿ ಹಿಡಿದು 0.6 ಸೆಕೆಂಡಿಗೊಂದು ಕ್ಲಿಕ್ ಬೀಳಬೇಕು. ಫೋನಿನಲ್ಲಿ ಆಗದ ಮಾತು.

ಮೆಂಬರ್ ಆದ ಮೇಲೆ ಎಲ್ಲಿ ನಿಲ್ಲಬೇಕು? ಕ್ಯಾಥರ್ಬಿ ಸಮುದ್ರ ದಡದಲ್ಲಿದೆ, ಹಿಡಿದು ಬೇಯಿಸೋರಿಗೆ ಹೇಳಿ ಮಾಡಿಸಿದ ಊರು. ರೋಗ್ಸ್ ಡೆನ್‌ನಲ್ಲಿ ಆರದ ಬೆಂಕಿ, ಅದರ ಮಗ್ಗುಲಲ್ಲೇ ಬ್ಯಾಂಕಿನವನು. ಫೋನಿಗೆ ಅದಕ್ಕಿಂತ ಸುಖ ಇಲ್ಲ, ನಕ್ಷೆ ತಿರುಗಿಸೋ ಕೆಲಸವೇ ಬರಲ್ಲ. ಹೊಸಿಡಿಯಸ್ ಅಡುಗೆಮನೆಯ ಒಲೆಯಲ್ಲಿ ಸೀಯೋ ಸಾಧ್ಯತೆ 5% ಕಮ್ಮಿ. ದುಬಾರಿ ಮೀನಿಗೆ ನಾನು ಅಲ್ಲಿಗೇ ಹೋಗ್ತೀನಿ.

ಅಣ್ಣ 99 ಮುಟ್ಟಿ, 99,000 ನಾಣ್ಯ ಕೊಟ್ಟು ಅಡುಗೆ ಕೇಪ್ ತಗೊಂಡಿದ್ದಾನೆ. ಅದನ್ನ ಹಾಕ್ಕೊಂಡರೆ ಏನೂ ಸೀಯಲ್ಲ. 'ನಿನ್ನ ಹಸಿ ಶಾರ್ಕೆಲ್ಲ ನನಗೆ ಕೊಡು, ಒಂದೂ ಸೀಯದೆ ಬೇಯಿಸಿ ವಾಪಸ್ ಕೊಡ್ತೀನಿ' ಅಂತಾನೆ. ಒಂದು ಶಾರ್ಕಿಗೆ 210 ಎಕ್ಸ್‌ಪಿ ಇದೆ, ಅದೂ ಅವನ ಲೆಕ್ಕಕ್ಕೇ ಹೋಗುತ್ತಲ್ವಾ? ಬೇಡ ಅಣ್ಣ ಅಂದಿದ್ದೀನಿ.