ಗೇಮಿಂಗ್ ಲ್ಯಾಪ್‌ಟಾಪ್ ಹೊತ್ತು ಕಾಲೇಜಿಗೆ ಎರಡೂವರೆ ವರ್ಷ

2023ರ ಜುಲೈನಲ್ಲಿ, ಮೂರನೇ ಸೆಮ್ ಶುರುವಾಗುವ ಮೊದಲು, ಅಪ್ಪನ ಜೊತೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ತಂದ ಲ್ಯಾಪ್‌ಟಾಪ್ ಇದು. ಕೊಟ್ಟಿದ್ದು 92 ಸಾವಿರ. ರೈಜನ್ 7 7840ಎಚ್‌ಎಸ್ ಪ್ರೊಸೆಸರ್, 6 ಜಿಬಿ ಮೆಮೊರಿಯ ಎನ್‌ವಿಡಿಯಾ ಆರ್‌ಟಿಎಕ್ಸ್ 4050 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 15.6 ಇಂಚಿನ 144 ಹರ್ಟ್ಸ್ ಪರದೆ. ಆ ಮಾಡೆಲ್ ಈಗ ಅಂಗಡಿಯಲ್ಲಿ ಇಲ್ಲ, ಹಾಗಾಗಿ ಹೆಸರು ಬರೆಯುತ್ತಿಲ್ಲ. ಈ ವರ್ಷ ಕಾಲೇಜಿಗೆ ಅಂತ ಗೇಮಿಂಗ್ ಲ್ಯಾಪ್‌ಟಾಪ್ ಹುಡುಕುತ್ತಿರುವವರಿಗೆ ಇದರ ಜೊತೆ ಕಳೆದ ದಿನಗಳು ಉಪಯೋಗಕ್ಕೆ ಬರಬಹುದು.

ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಇಟ್ಟಿದ್ದರು. ಎರಡರ ಮೇಲೂ 4050 ಸ್ಟಿಕ್ಕರ್. ಒಂದು ತೆಳ್ಳಗೆ, ನೋಡೋಕೆ ಚೆಂದ, ಬೆಲೆಯೂ ಎಂಟು ಸಾವಿರ ಕಡಿಮೆ. ‘ಸಾರ್, ಎರಡೂ ಒಂದೇ ಕಾರ್ಡು, ಇದನ್ನೇ ತಗೊಳ್ಳಿ’ ಅಂತ ಅಂಗಡಿಯವರು ಅಪ್ಪನಿಗೆ ಹೇಳಿದರು. ‘ಅಣ್ಣಾ, ಎರಡನ್ನೂ ಒಂದ್ಸಲ ಆನ್ ಮಾಡಿ ಕೊಡ್ತೀರಾ?’ ಅಂತ ಕೇಳಿದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಂ ಇನ್ಫರ್ಮೇಷನ್ ತೆರೆದರೆ ಕಾರ್ಡಿಗೆ ಗರಿಷ್ಠ ಎಷ್ಟು ವಾಟ್ ಸಿಗುತ್ತದೆ ಅಂತ ತೋರಿಸುತ್ತದೆ. ತೆಳ್ಳನೆಯದರಲ್ಲಿ 50, ಇನ್ನೊಂದರಲ್ಲಿ 105. ಲ್ಯಾಪ್‌ಟಾಪಿನ 4050ಯನ್ನು 35 ವಾಟ್‌ನಿಂದ 115 ವಾಟ್‌ವರೆಗೆ ಯಾವ ಮಟ್ಟದಲ್ಲಿ ಬೇಕಾದರೂ ಕೂರಿಸಲು ಕಂಪನಿಗಳಿಗೆ ಅವಕಾಶವಿದೆ. ವಾಟ್ ಕಡಿಮೆಯಾದರೆ ವೇಗವೂ ಕಡಿಮೆ. ಹೆಸರು ಒಂದೇ, ಓಟ ಬೇರೆ. ಅಪ್ಪ ಆ ಎರಡು ಸಂಖ್ಯೆಗಳನ್ನು ನೋಡಿ ಮತ್ತೇನೂ ಕೇಳದೆ ದುಡ್ಡು ಎಣಿಸಿದರು.

ಆಟದ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ನನಗೆ ದೂರೇ ಇಲ್ಲ. ವ್ಯಾಲೊರಂಟ್ 144 ಎಫ್‌ಪಿಎಸ್‌ಗಿಂತ (ಸೆಕೆಂಡಿಗೆ ಮೂಡುವ ಚಿತ್ರಗಳು) ಕೆಳಗೆ ಬಂದ ನೆನಪಿಲ್ಲ. ಸೈಬರ್‌ಪಂಕ್ 2077 ಅನ್ನು ಡಿಎಲ್‌ಎಸ್‌ಎಸ್ (ಕಡಿಮೆ ರೆಸಲ್ಯೂಷನ್ ಚಿತ್ರವನ್ನು ಎಐನಿಂದ ಹಿಗ್ಗಿಸಿ ವೇಗ ಹೆಚ್ಚಿಸುವ ಎನ್‌ವಿಡಿಯಾ ಸೌಲಭ್ಯ) ಹಾಕಿಕೊಂಡು, ಹೈ ಸೆಟ್ಟಿಂಗ್‌ನಲ್ಲಿ ಪೂರ್ತಿ ಆಡಿ ಮುಗಿಸಿದೆ. ಈಚಿನ ದೊಡ್ಡ ಆಟಗಳಲ್ಲಿ 6 ಜಿಬಿ ವಿಡಿಯೊ ಮೆಮೊರಿ ಸಾಲುವುದಿಲ್ಲ, ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ವಿವರ) ಮಟ್ಟ ಇಳಿಸಬೇಕು. ಇವತ್ತು ಕೊಳ್ಳುವುದಾದರೆ 8 ಜಿಬಿ ಇರುವುದನ್ನೇ ನೋಡುತ್ತೇನೆ.

ನಿಜವಾದ ಪರೀಕ್ಷೆ ಶುರುವಾಗಿದ್ದು ಕಾಲೇಜಿನಲ್ಲಿ. ವಿಜಯನಗರದಿಂದ ಕೆಂಗೇರಿಗೆ ದಿನಾ ಮೆಟ್ರೊ. ಲ್ಯಾಪ್‌ಟಾಪ್ 2.3 ಕೆಜಿ, ಅದರ ಇಟ್ಟಿಗೆಯಂಥ ಚಾರ್ಜರ್ ಮುಕ್ಕಾಲು ಕೆಜಿಗೆ ಸ್ವಲ್ಪ ಕಡಿಮೆ. ಬೆಳಗಿನ ರಷ್‌ನಲ್ಲಿ ಬ್ಯಾಗನ್ನು ಎದೆಗೆ ತಿರುಗಿಸಿಕೊಂಡು ನಿಂತರೆ ಇಳಿಯುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತಿತ್ತು. ಮೊದಲ ತಿಂಗಳು ಬ್ಯಾಟರಿ ಎರಡೂವರೆ ಗಂಟೆಯೂ ಬರುತ್ತಿರಲಿಲ್ಲ. ಲ್ಯಾಬ್‌ನಲ್ಲಿ ಪ್ಲಗ್ ಪಾಯಿಂಟ್ ಇರುವ ಬೆಂಚಿಗಾಗಿ ಹತ್ತು ನಿಮಿಷ ಮುಂಚೆ ಓಡುತ್ತಿದ್ದೆ.

ಕಾರಣ ಆಮೇಲೆ ಗೊತ್ತಾಯಿತು. ಪ್ರೊಸೆಸರ್ ಒಳಗೇ ರೇಡಿಯಾನ್ ಗ್ರಾಫಿಕ್ಸ್ ಇದೆ, ಬರೆಯೋಕೆ, ಓದೋಕೆ, ಕೋಡಿಂಗ್‌ಗೆ ಅದು ಧಾರಾಳ. ಆದರೆ ಹಿನ್ನೆಲೆಯಲ್ಲಿ ಓಡುತ್ತಿದ್ದ ಒಂದು ವಾಲ್‌ಪೇಪರ್ ಆ್ಯಪ್ ಎನ್‌ವಿಡಿಯಾ ಕಾರ್ಡನ್ನು ಮಲಗಲು ಬಿಡುತ್ತಲೇ ಇರಲಿಲ್ಲ. ಅದನ್ನು ತೆಗೆದೆ, ಬ್ರೌಸರ್‌ಗೆ ವಿಂಡೋಸ್ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ‘ಪವರ್ ಸೇವಿಂಗ್’ ಆಯ್ಕೆ ಮಾಡಿದೆ, ಪರದೆಯನ್ನು 60 ಹರ್ಟ್ಸ್‌ಗೆ ಇಳಿಸಿದೆ. ಐದು ಗಂಟೆ ಬರತೊಡಗಿತು. ಸೈಲೆಂಟ್ ಮೋಡ್ ಹಾಕಿದರೆ ತರಗತಿಯಲ್ಲಿ ಫ್ಯಾನ್ ಸದ್ದೂ ಇಲ್ಲ.

ಇದಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಟೈಪ್-ಸಿ ಪೋರ್ಟ್. ಇದರಲ್ಲಿ ಪವರ್ ಡೆಲಿವರಿ ಇರುವುದರಿಂದ ಅಂಗೈಯಲ್ಲಿ ಹಿಡಿಸುವ 65 ವಾಟ್ ಚಾರ್ಜರ್ ಸಾಕು. ಇಟ್ಟಿಗೆ ಅಂದಿನಿಂದ ಮನೆಯಲ್ಲೇ ಉಳಿಯಿತು. ಆಟಕ್ಕೆ 65 ವಾಟ್ ಸಾಲದು, ಕಾಲೇಜಿನ ಕೆಲಸಕ್ಕೆ ಸಾಕುಬೇಕಾದಷ್ಟು. ಎಲ್ಲ ಟೈಪ್-ಸಿ ಪೋರ್ಟ್‌ಗಳೂ ಲ್ಯಾಪ್‌ಟಾಪನ್ನು ಚಾರ್ಜ್ ಮಾಡುವುದಿಲ್ಲ, ಕೆಲವು ಡೇಟಾಗೆ ಮಾತ್ರ. ಕೊಳ್ಳುವಾಗ ಇದನ್ನು ಕೇಳಿ, ಸಾಧ್ಯವಾದರೆ ಅಲ್ಲೇ ಒಂದು ಚಾರ್ಜರ್ ಚುಚ್ಚಿ ನೋಡಿ. ಗ್ರಾಫಿಕ್ಸ್ ಕಾರ್ಡಿನಷ್ಟೇ ಗಮನ ಇದಕ್ಕೂ ಕೊಡಿ ಅಂತ ಕಳಕಳಿಯಿಂದ ಹೇಳುತ್ತೇನೆ.

ರ‍್ಯಾಮ್ 16 ಜಿಬಿಗಿಂತ ಕಡಿಮೆ ಬೇಡ. ನನ್ನ ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿಯ ಒಂದೇ ಕಡ್ಡಿ. ಆಂಡ್ರಾಯ್ಡ್ ಸ್ಟುಡಿಯೊ ಎಮ್ಯುಲೇಟರ್ ಜೊತೆ ಬ್ರೌಸರ್ ತೆರೆದರೆ ಮೌಸ್ ಕೂಡ ಕದಲುತ್ತಿರಲಿಲ್ಲ. ಮೊದಲೆಲ್ಲ ‘ಆಮೇಲೆ ಹಾಕಿಸಿಕೊಂಡರಾಯಿತು’ ಅನ್ನುತ್ತಿದ್ದೆವು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಹಾರಿರುವುದರಿಂದ ಆ ಮಾತು ಈಗ ನಡೆಯುವುದಿಲ್ಲ. ಪರದೆ ನನ್ನದರಲ್ಲಿ ಸಪ್ಪೆ, ತೋರಿಸುವ ಬಣ್ಣಗಳ ವ್ಯಾಪ್ತಿ 45% ಎನ್‌ಟಿಎಸ್‌ಸಿ ಅಷ್ಟೆ. ಕೋಡಿಂಗ್‌ಗೆ ನಡೆಯುತ್ತದೆ. ಫೋಟೊ, ವಿಡಿಯೊ ಎಡಿಟಿಂಗ್ ಮಾಡುವವರು ಬಣ್ಣದ ವ್ಯಾಪ್ತಿ 100% ಎಸ್‌ಆರ್‌ಜಿಬಿ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ವಿಂಡೋಸ್ ಜೊತೆಗೆ ಉಬುಂಟು ಲಿನಕ್ಸ್ ಕೂಡ ಹಾಕಿಕೊಂಡಿದ್ದೇನೆ. ವಿಂಡೋಸ್ 11ರಲ್ಲಿ ವ್ಯಾಲೊರಂಟ್‌ಗೆ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ತಂತ್ರಾಂಶವನ್ನಷ್ಟೇ ಶುರುವಾಗಲು ಬಿಡುವ ಭದ್ರತೆ) ಆನ್ ಇರಲೇಬೇಕು. ಅದು ಆನ್ ಇದ್ದಾಗ ಉಬುಂಟುವಿನಲ್ಲಿ ಎನ್‌ವಿಡಿಯಾ ಡ್ರೈವರ್ ಹಾಕಿದರೆ, ರೀಸ್ಟಾರ್ಟ್ ಆಗುವಾಗ ಒಂದು ನೀಲಿ ಪರದೆ ಬಂದು ಕೀ ಎನ್‌ರೋಲ್ ಮಾಡಲು ಕೇಳುತ್ತದೆ. ಕೀ ಸೇರಿಸದೆ ಮುಂದೆ ಹೋದರೆ ಡ್ರೈವರ್ ಲೋಡ್ ಆಗುವುದಿಲ್ಲ. ಒಂದು ಇಡೀ ಭಾನುವಾರ ನನಗೆ ಇದರಲ್ಲೇ ಹೋಯಿತು.

ಏಳನೇ ಸೆಮ್‌ನ ಪ್ರಾಜೆಕ್ಟ್‌ನಲ್ಲಿ ಈ ಕಾರ್ಡ್ ಕೊಟ್ಟ ದುಡ್ಡನ್ನು ತೀರಿಸಿತು. ರಸ್ತೆ ಗುಂಡಿಗಳನ್ನು ಫೋಟೊದಲ್ಲಿ ಗುರುತಿಸುವ ಎಐ ಮಾಡೆಲ್ ನಮ್ಮದು. ಮಾಗಡಿ ರೋಡ್, ನಾಗರಭಾವಿ ಸುತ್ತ ನಾವೇ ತೆಗೆದ ಫೋಟೊಗಳು. ಎನ್‌ವಿಡಿಯಾ ಕಾರ್ಡಿನ ಮೇಲೆ ಲೆಕ್ಕಾಚಾರ ಓಡಿಸುವ ‘ಕೂಡಾ’ (CUDA) ಇದ್ದುದರಿಂದ, ಫೋಟೊದಲ್ಲಿ ವಸ್ತು ಗುರುತಿಸುವ ಯೋಲೊ (YOLO) ಮಾಡೆಲ್‌ನ ತರಬೇತಿ ರಾತ್ರಿ ಮಲಗುವಾಗ ಹಾಕಿದರೆ ಬೆಳಿಗ್ಗೆ ಮುಗಿದಿರುತ್ತಿತ್ತು. ಮೆಮೊರಿ ತುಂಬಿ ನಿಂತಾಗ ಬ್ಯಾಚ್ ಸೈಜ್ (ಒಂದು ಸಲಕ್ಕೆ ಕೊಡುವ ಫೋಟೊಗಳ ಸಂಖ್ಯೆ) 16ರಿಂದ 8ಕ್ಕೆ ಇಳಿಸಿದೆವು, ಅಷ್ಟೆ.

ತೊಂದರೆ ಎರಡು. ಹದಿನಾಲ್ಕನೇ ತಿಂಗಳಿಗೆ ಫ್ಯಾನ್ ಕಿರುಚತೊಡಗಿತು, ಆಟ ಆಡುವಾಗ ಪ್ರೊಸೆಸರ್ 95 ಡಿಗ್ರಿ ಮುಟ್ಟುತ್ತಿತ್ತು. ಹಿಂಬದಿ ಬಿಚ್ಚಿ ನೋಡಿದರೆ ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡು ಕೂತಿತ್ತು. ಬ್ರಷ್‌ನಿಂದ ಕೆರೆದರೆ ಒಂದೇ ಹಾಳೆಯಾಗಿ ಎದ್ದು ಬಂತು, ಬೂದು ಬಣ್ಣ, ಬೆರಳಗಲ. ನಮ್ಮ ಬೀದಿ ಅಗೆದು ಎಂಟು ತಿಂಗಳಾಗಿತ್ತು, ನನ್ನ ಮೇಜು ಕಿಟಕಿ ಪಕ್ಕದಲ್ಲೇ. ಸ್ವಚ್ಛ ಮಾಡಿ ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆ ಅದೇ ಆಟದಲ್ಲಿ 83 ಡಿಗ್ರಿ. ಈಗ ಆರು ತಿಂಗಳಿಗೊಮ್ಮೆ ಬಿಚ್ಚುತ್ತೇನೆ.

ಇನ್ನೊಂದು, ಪರದೆಯನ್ನು ಹಿಡಿದಿರುವ ಎಡಗಡೆಯ ಹಿಂಜ್. ಇಪ್ಪತ್ತನೇ ತಿಂಗಳಲ್ಲಿ ಬಾಯಿ ಬಿಟ್ಟಿತು. ಎರಡು ವರ್ಷದ ವಾರಂಟಿ ಇತ್ತು, ಆದರೆ ನಾವೇ ಸರ್ವಿಸ್ ಸೆಂಟರ್‌ಗೆ ಒಯ್ಯಬೇಕಾದ ವಾರಂಟಿ. ಇಂಟರ್ನಲ್ಸ್ ಪರೀಕ್ಷೆ ಹತ್ತಿರ ಬಂದಿತ್ತು, ಹನ್ನೊಂದು ದಿನ ಇಟ್ಟುಕೊಂಡರು. ‘ಪಾರ್ಟ್ ಬಂದಿಲ್ಲ ಮೇಡಂ’ ಅನ್ನುವುದೊಂದೇ ಉತ್ತರ. ನೋಟ್ಸ್ ಎಲ್ಲ ಅದರಲ್ಲೇ ಇತ್ತು, ತುಂಬಾ ಒದ್ದಾಡಿದೆ. ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಸಿಗುವುದಾದರೆ ಎರಡು ಮೂರು ಸಾವಿರ ಹೆಚ್ಚಾದರೂ ಹಾಕಿಸಿ.

ಮೊನ್ನೆ ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದೆ. 60 ವಾಟ್-ಅವರ್ ಇದ್ದದ್ದು 51ಕ್ಕೆ ಬಂದಿದೆ. ಮನೆಯಲ್ಲಿ 80%ಗೆ ಚಾರ್ಜ್ ನಿಲ್ಲಿಸುವ ಆಯ್ಕೆಯನ್ನು ಮೊದಲಿನಿಂದ ಹಾಕಿಟ್ಟಿದ್ದೆ, ಆದ್ದರಿಂದ ಇಷ್ಟಾದರೂ ಉಳಿದಿದೆ. ಈ ವರ್ಷ ತಮ್ಮ ಕಾಲೇಜು ಸೇರುತ್ತಾನೆ. ‘ಅಕ್ಕಾ, ಹೊಸದು ಬೇಡ, ನಿಂದೇ ಕೊಡು’ ಅಂದಿದ್ದಾನೆ. ಬ್ಯಾಟರಿ ಬದಲಿಸಿ, 1 ಟಿಬಿ ಎಸ್‌ಎಸ್‌ಡಿ ಹಾಕಿಸಿ ಕೊಡುತ್ತೇನೆ. ಸಣ್ಣ ಚಾರ್ಜರ್ ಈಗಾಗಲೇ ಅವನ ಬ್ಯಾಗ್ ಸೇರಿದೆ.