ಬೇಡದ ವಸ್ತು ಯಾರಿಗೆ: ಮೊದಲು ಕೇಳಿದವರಿಗೋ, ಚೀಟಿ ಎತ್ತಿಯೋ, ಅಗತ್ಯ ನೋಡಿಯೋ?

ಬೇಡದ ವಸ್ತುಗಳನ್ನು ಪುಕ್ಕಟೆ ಹಂಚುವ ನಿಮ್ಮ ಮಂಗಳೂರಿನ ಕದ್ರಿಯ ವಾಟ್ಸಾಪ್ ಗುಂಪಿಗೆ ಯಾವ ನಿಯಮ ಒಳ್ಳೆಯದು ಎಂದು ಕೇಳಿದ್ದೀರಿ. ಅದು ವಸ್ತು ಯಾವುದು ಎನ್ನುವುದರ ಮೇಲೆ ನಿಂತಿದೆ.

ಕೆಲಸ ಬೇಗ ಮುಗಿಯಬೇಕಾದರೆ ಮೊದಲು ಕೇಳಿದವರಿಗೇ ಕೊಡಿ. ಮಣಿಪಾಲದಲ್ಲಿ ನಾಳೆಯೇ ರೂಮ್ ಖಾಲಿ ಮಾಡುವ ವಿದ್ಯಾರ್ಥಿಯ ಬಕೆಟ್, ಹಾಸಿಗೆಗೆ ಇದೇ ಸರಿ. ಆದರೆ ನ್ಯಾಯ ನೋಡಿದರೆ ಇದು ಕುಂಟುತ್ತದೆ. ದಿನವಿಡೀ ಫೋನ್ ಹಿಡಿದವರಿಗೇ ಎಲ್ಲ ಸಿಗುತ್ತದೆ; ಬಂದರಿನ ಕೆಲಸ ಮುಗಿಸಿ ಸಂಜೆ ಮೆಸೇಜ್ ನೋಡುವವರಿಗೆ ಏನೂ ಉಳಿಯದು.

ಚೀಟಿ ಎತ್ತಿದರೆ ಪಕ್ಷಪಾತದ ಮಾತಿಲ್ಲ. ಮನೆಗೊಂದೇ ಚೀಟಿ ಎಂದಿರಲಿ, ಇಲ್ಲವಾದರೆ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರ ಹೆಸರೂ ಬರುತ್ತದೆ. ಟಿವಿ, ಸೈಕಲ್ಲಿಗೆ ಒಳ್ಳೆಯದು. ಮಳೆಗಾಲದಲ್ಲಿ ಮರದ ಕಪಾಟಿಗೆ ಬೇಡ, ಕಾಯುವಷ್ಟರಲ್ಲಿ ಬೂಸ್ಟು ಹಿಡಿದೀತು.

ವೀಲ್‌ಚೇರ್, ಹೊಲಿಗೆ ಮೆಷಿನ್‌ಗೆ ಮಾತ್ರ ಅಗತ್ಯ ನೋಡಿ. ಆದರೆ ಕಷ್ಟವನ್ನು ಎಲ್ಲರೆದುರು ಹೇಳಿಸಬೇಡಿ; ಕೊಡುವವರಿಗೆ ಖಾಸಗಿಯಾಗಿ ಬರೆದರೆ ಸಾಕು. ಬೇಡದ ವಸ್ತುಗಳನ್ನು ಪುಕ್ಕಟೆ ಕೊಡಲು 2003ರಲ್ಲಿ ಅಮೆರಿಕದಲ್ಲಿ ಶುರುವಾದ ಫ್ರೀಸೈಕಲ್ ಎಂಬ ಜಾಲದಲ್ಲೂ ಯಾರಿಗೆ ಎಂಬುದು ಕೊಡುವವರದೇ ತೀರ್ಮಾನ. ಅಗತ್ಯ ನೋಡಿ ಕೊಡುವಾಗ ಕಥೆ ಕಟ್ಟುವವರು ಹೆಚ್ಚು, ಅದೂ ನಿಜ.

ಪುಕ್ಕಟೆ ಪಡೆದು ಗುಜರಿಗೆ ಹಾಕುವವರನ್ನು ಮೂರೂ ಪೂರ್ತಿ ತಡೆಯವು. ತಿಂಗಳಿಗೆ ಇಂತಿಷ್ಟೇ ಎಂಬ ಮಿತಿ ಸ್ವಲ್ಪ ಹಿಡಿತ ಕೊಡುತ್ತದೆ. ಹಳೆ ಬಕೆಟ್ ಮಾರಿಕೊಂಡರೆ ನನಗೇನೂ ಬೇಜಾರಿಲ್ಲ, ಮಾರಲಿ. ವೀಲ್‌ಚೇರ್ ಮಾರಿದವರನ್ನು ಗುಂಪಿನಿಂದ ತೆಗೆಯಿರಿ.