ಅಗ್ಗದ ಬ್ಯಾಕಪ್ ಟೇಪುಗಳು: ಎರಡು ವರ್ಷ ಬಳಸಿದ ಮೇಲೆ

ದಾವಣಗೆರೆಯ ವಿದ್ಯಾನಗರದ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ನಾನು, ಪ್ರತಿ ಶನಿವಾರ ರಾತ್ರಿ ವಾರದ ಸಿಟಿ, ಎಂಆರ್‌ಐ ಚಿತ್ರಗಳನ್ನೆಲ್ಲ ಎಲ್‌ಟಿಒ-6 ಎಂಬ ಮಾದರಿಯ ಮ್ಯಾಗ್ನೆಟಿಕ್ ಟೇಪಿಗೆ ಇಳಿಸುತ್ತೇನೆ. ಟೇಪನ್ನು ಓದಿ ಬರೆಯುವ ಯಂತ್ರವಾದ ಡ್ರೈವಿನ ಕಂಪನಿಯ ಹೆಸರು ಹೊತ್ತ ಟೇಪುಗಳ ಬೆಲೆ ಕೈಗೆಟುಕದಂತಾದಾಗ ಬೇರೆ ಬ್ರ್ಯಾಂಡಿನ 30 ಟೇಪುಗಳನ್ನು ತರಿಸಿದೆ. ಅವುಗಳಲ್ಲಿ 20 ಸೀಲ್ ಒಡೆಯದ ಹೊಸವು, ಉಳಿದ 10 ಅದಕ್ಕಿಂತಲೂ ಅಗ್ಗಕ್ಕೆ ಸಿಕ್ಕ 'ರೀಸರ್ಟಿಫೈಡ್' ಟೇಪುಗಳು, ಅಂದರೆ ಬೇರೆಯವರು ಬಳಸಿದ್ದನ್ನು ಪರೀಕ್ಷಿಸಿದ್ದೇವೆಂದು ಹೇಳಿ ಮತ್ತೆ ಮಾರುವಂಥವು.

ಹೊಸ ಟೇಪುಗಳ ಬಗ್ಗೆ ನನ್ನದು ಒಂದೂ ದೂರಿಲ್ಲ. ಎಲ್‌ಟಿಒ ಎಂಬುದು ಹಲವು ಕಂಪನಿಗಳು ಸೇರಿ ರೂಪಿಸಿ 2000ರಲ್ಲಿ ಮಾರುಕಟ್ಟೆಗೆ ತಂದ ಮುಕ್ತ ಮಾದರಿ. ಟೇಪನ್ನು ನಿಜವಾಗಿ ತಯಾರಿಸುವವರು ಇಂದು ಫ್ಯೂಜಿಫಿಲ್ಮ್ ಮತ್ತು ಸೋನಿ ಮಾತ್ರ. ಮಿಕ್ಕವರು ತಮ್ಮ ಲೇಬಲ್ ಹಚ್ಚಿ ಮಾರುತ್ತಾರೆ. ಹಾಗಾಗಿ ಹೆಚ್ಚು ಬೆಲೆ ಕೊಟ್ಟರೂ ಒಳಗಿರುವ ಟೇಪು ಬೇರೆಯಾಗಿರಬೇಕೆಂದೇನಿಲ್ಲ. ಡ್ರೈವು ಬರೆದದ್ದನ್ನು ಆ ಕ್ಷಣವೇ ಓದಿ ನೋಡುತ್ತದೆ; ತಪ್ಪು ಕಂಡರೆ ಅದೇ ಮಾಹಿತಿಯನ್ನು ಮುಂದಿನ ಜಾಗದಲ್ಲಿ ಮತ್ತೆ ಬರೆಯುತ್ತದೆ. ಆದ್ದರಿಂದ ಕಳಪೆ ಟೇಪು ಮೊದಲು ತನ್ನ ಗುಟ್ಟು ಬಿಟ್ಟುಕೊಡುವುದು ಹಿಡಿಯುವ ಪ್ರಮಾಣದಲ್ಲಿ. ನನ್ನ ಇಪ್ಪತ್ತೂ ಟೇಪುಗಳು ಅವುಗಳ ನಿಜ ಸಾಮರ್ಥ್ಯವಾದ 2.5 ಟಿಬಿಯ (ಟೆರಾಬೈಟ್) ಹತ್ತಿರಕ್ಕೆ ತುಂಬಿದವು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ 6.25 ಟಿಬಿ ಎಂಬುದು ಮಾಹಿತಿ ಚೆನ್ನಾಗಿ ಕುಗ್ಗಿದಾಗಿನ ಲೆಕ್ಕ. ಮೊದಲೇ ಕುಗ್ಗಿಸಿ ಇಟ್ಟ ನಮ್ಮ ಚಿತ್ರಗಳಿಗೆ ಅದು ಅನ್ವಯಿಸದು.

ರೀಸರ್ಟಿಫೈಡ್ ಟೇಪುಗಳ ಕಥೆಯೇ ಬೇರೆ. ಮಾರಿದ ವ್ಯಾಪಾರಿ 'ಒಂದೆರಡು ಸಲ ಬಳಸಿದ್ದು, ಹೊಸದರಂತೆಯೇ ಇವೆ' ಎಂದಿದ್ದ. ಪ್ರತಿ ಕಾರ್ಟ್ರಿಜ್ಜಿನೊಳಗೂ ಅದನ್ನು ಎಷ್ಟು ಸಲ ಡ್ರೈವಿಗೆ ಹಾಕಲಾಗಿದೆ, ಎಷ್ಟು ಬರೆಯಲಾಗಿದೆ ಎಂಬುದನ್ನು ದಾಖಲಿಸುವ ಚಿಕ್ಕ ಚಿಪ್ ಇರುತ್ತದೆ. ಅದನ್ನು ಓದಿಸಿದಾಗ ನಾಲ್ಕು ಟೇಪುಗಳು ನೂರಾರು ಸಲ ಓಡಿದವೆಂದು ತಿಳಿಯಿತು. ಒಂದರ ಹೊಸ ಬಾರ್‌ಕೋಡ್ ಚೀಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿದರೆ ಕೆಳಗೆ ಹಳೆಯ ಚೀಟಿಯ ಅಂಟು, ಅದಕ್ಕೆ ಮೆತ್ತಿಕೊಂಡ ಕಪ್ಪು ಧೂಳು. ಅದನ್ನು ಎರಡನೇ ಸಲ ಹಾಕುವಷ್ಟರಲ್ಲಿ ಡ್ರೈವಿನ ಕ್ಲೀನಿಂಗ್ ದೀಪ ಹೊತ್ತಿಕೊಂಡಿತು. ವ್ಯಾಪಾರಿ ಎರಡನ್ನು ಮಾತ್ರ ಬದಲಿಸಿಕೊಟ್ಟ. ಉಳಿದವುಗಳ ದುಡ್ಡು ನೀರಿನಲ್ಲಿ ಹೋಮ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಡ್ರೈವಿನಲ್ಲಿ ಓದಿ ಬರೆಯುವ ಭಾಗವಾದ ಹೆಡ್ಡಿಗೆ ಟೇಪಿನ ಮೇಲೆ ದಾರಿ ತೋರುವ ಸರ್ವೋ ಗುರುತುಗಳನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರೆ. ಬಲವಾದ ಅಯಸ್ಕಾಂತದಿಂದ ಟೇಪನ್ನು ಅಳಿಸಿದರೆ ಅವೂ ಅಳಿದು ಟೇಪು ಮತ್ತೆ ಕೆಲಸಕ್ಕೆ ಬಾರದು. ಮರುಮಾರಾಟಕ್ಕೆ ಬಂದ ಟೇಪು ಓಡುತ್ತಿದೆ ಎಂದರೆ ಅದನ್ನು ಹಾಗೆ ಅಳಿಸಿಲ್ಲವೆಂದೇ ಅರ್ಥ. ಯಾರದೋ ಹಳೆಯ ಮಾಹಿತಿ ಅದರಲ್ಲಿ ಉಳಿದಿರಬಹುದು. ರೋಗಿಗಳ ಚಿತ್ರಗಳಿರುವ ನಮ್ಮ ಹಳೆಯ ಟೇಪುಗಳನ್ನು ಅಂಥ ವ್ಯಾಪಾರಿಗೆ ಕೊಡುವ ಯೋಚನೆಯನ್ನು ಅಂದೇ ಕೈಬಿಟ್ಟೆ.

ಯಾವ ಬ್ರ್ಯಾಂಡಾದರೂ ನಮ್ಮೂರಿನ ಬೇಸಿಗೆಯನ್ನು ಮರೆಯುವಂತಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಕೊರಿಯರ್ ವ್ಯಾನಿನಿಂದ ಇಳಿದ ಪೆಟ್ಟಿಗೆ ಮುಟ್ಟಿದರೆ ಸುಡುತ್ತದೆ. ಅದನ್ನು ಒಂದು ದಿನ ಎಸಿ ಕೋಣೆಯಲ್ಲಿಟ್ಟ ಮೇಲೆಯೇ ಡ್ರೈವಿಗೆ ಹಾಕುತ್ತೇನೆ. ದೀರ್ಘಕಾಲ ಇಡುವ ಟೇಪುಗಳಿಗೆ 16ರಿಂದ 25 ಡಿಗ್ರಿ ಸೂಕ್ತವೆನ್ನುತ್ತಾರೆ, ಆದ್ದರಿಂದ ಅವುಗಳ ಕಪಾಟೂ ಅದೇ ಕೋಣೆಯಲ್ಲಿದೆ.

ಮುಂದಿನ ಹತ್ತು ಟೇಪುಗಳಿಗೂ ಅದೇ ಅಗ್ಗದ ಬ್ರ್ಯಾಂಡಿಗೆ ಆರ್ಡರ್ ಕೊಟ್ಟಿದ್ದೇನೆ, ಆದರೆ ಸೀಲ್ ಇರುವವನ್ನು ಮಾತ್ರ. ಬಂದ ಕೂಡಲೇ ಚಿಪ್ ಓದಿಸಿ, ಒಂದು ವಾರದ ಚಿತ್ರಗಳನ್ನು ಬರೆದು, ಮರಳಿ ಇಳಿಸಿ ನೋಡಿದ ಮೇಲೆಯೇ ಬಿಲ್ಲಿಗೆ ಸಹಿ ಹಾಕುತ್ತೇನೆ.